ತಗ್ಗಿ ನಡೆವ ಕಾರುಗಳು

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ಕಾರುಗಳ ಗೊಡವೆ ಏಕೆಂದು ಕೇಳುವವರುಂಟು. ಬಾಲ್ಯದಿಂದಲೂ ನನ್ನ ಕುತೂಹಲ ಕಾರಿನ ವೇಗದಲ್ಲಿಲ್ಲ; ಅದು ನೆಲದಿಂದ ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದರಲ್ಲಿದೆ. ಆ ಕೆಲವು ಬೆರಳುಗಳ ಅಂತರದಲ್ಲಿಯೂ ಒಂದು ಜನಾಂಗದ ಇತಿಹಾಸ ಅಡಗಿರಬಲ್ಲದು ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ಸಾಕ್ಷಿ.

ಎರಡನೆಯ ಮಹಾಯುದ್ಧದ ತರುವಾಯ ಪೂರ್ವ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ತರುಣರು ಹಳೆಯ ಷೆವರ್ಲೆ ಕಾರುಗಳನ್ನು ಕೊಂಡು, ಡಿಕ್ಕಿಯಲ್ಲಿ ಮರಳಿನ ಚೀಲಗಳನ್ನು ಹೇರಿ, ಸ್ಪ್ರಿಂಗಿನ ಸುರುಳಿಗಳನ್ನು ಕತ್ತರಿಸಿ, ಅವುಗಳನ್ನು ನೆಲದತ್ತ ತಗ್ಗಿಸತೊಡಗಿದರು. ಇತರ ಯುವಕರು ವೇಗಕ್ಕಾಗಿ ಹಾತೊರೆಯುತ್ತಿದ್ದಾಗ ಇವರು ವಿಟಿಯರ್ ಬೂಲವಾರ್ಡ್ ಬೀದಿಯಲ್ಲಿ ತೇರಿನಂತೆ ಮೆಲ್ಲಗೆ ಸಾಗಿದರು. ಊರು ತಮ್ಮನ್ನು ನಿಂತು ನೋಡಲಿ ಎಂಬುದೇ ಅವರ ಹಂಬಲ.

1958ರಲ್ಲಿ ಕಾನೂನು ಅಡ್ಡ ಬಂದಿತು. ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಕ್ಕೆ ಕಾರಿನ ಯಾವ ಭಾಗವೂ ಇಳಿದಿರಕೂಡದು! ಇದಕ್ಕೆ ಉತ್ತರ ಕಂಡುಕೊಂಡವನು ಸ್ಯಾನ್ ಬರ್ನಾರ್ಡಿನೊದ ರಾನ್ ಅಗೀರೆ. ವಿಮಾನಗಳಲ್ಲಿ ಬಳಸಿ ಉಳಿದಿದ್ದ ಹೈಡ್ರಾಲಿಕ್ ಪಂಪುಗಳನ್ನು ಆತ 1959ರ ಸುಮಾರಿಗೆ ತನ್ನ ಕಾರ್ವೆಟ್ ಕಾರಿಗೆ ಅಳವಡಿಸಿದ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ಒತ್ತಿದರೆ ಕಾರು ಮೇಲೇಳುವುದು. ಎಣ್ಣೆಯನ್ನು ಹಿಂದಕ್ಕೆ ಬಿಟ್ಟರೆ ಇಳಿಯುವುದು. ಪೋಲೀಸರೆದುರು ಕಾನೂನಿನ ಎತ್ತರ, ಅವರು ಮರೆಯಾದೊಡನೆ ಮನಸ್ಸಿನ ಎತ್ತರ!

ಎಣ್ಣೆ ಹಾಗೂ ಅನಿಲದ ಒತ್ತಡದಿಂದ ಎತ್ತರ ಬದಲಿಸುವ ವ್ಯವಸ್ಥೆಯನ್ನು ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ 1955ರಲ್ಲೇ ತನ್ನ ಡಿ.ಎಸ್. ಕಾರಿನಲ್ಲಿ ತಂದಿತ್ತು. ಪ್ಯಾರಿಸಿನಲ್ಲಿ ಅದು ಎಂಜಿನಿಯರರ ಕೀರ್ತಿಯಾಯಿತು. ಕ್ಯಾಲಿಫೋರ್ನಿಯಾದ ಬಡ ಬೀದಿಯಲ್ಲಿ ತಗ್ಗಿದ ಕಾರು ದಂಡಕ್ಕೆ ಗುರಿಯಾಯಿತು. ಯಂತ್ರದ ಬೆಲೆ ಅದರ ಒಡೆಯನ ಅಂತಸ್ತನ್ನು ನೋಡಿ ಏರಿಳಿಯುವುದೇ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ.

ಮುಂದೆ ಹಲವು ಪಟ್ಟಣಗಳು ಬೀದಿಯಲ್ಲಿ ಮತ್ತೆ ಮತ್ತೆ ಸುತ್ತುವುದನ್ನೇ ನಿಷೇಧಿಸಿದವು. ಆದರೂ ಕಲೆ ಬತ್ತಲಿಲ್ಲ. ಹೆಸ್ಸೆ ವಲಾದೆಸನ 1964ರ ಇಂಪಾಲಾ, ಮೈತುಂಬ ಗುಲಾಬಿಗಳನ್ನು ಬಿಡಿಸಿಕೊಂಡ 'ಜಿಪ್ಸಿ ರೋಸ್', 2017ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ರಾಷ್ಟ್ರದ ಐತಿಹಾಸಿಕ ವಾಹನವಾಗಿ ಪ್ರದರ್ಶನಗೊಂಡಿತು. ಕೊನೆಗೆ 2023ರಲ್ಲಿ ಅಂಗೀಕೃತವಾದ ಶಾಸನವೊಂದು 2024ರ ಜನವರಿ 1ರಿಂದ ಆ ಎತ್ತರದ ಕಟ್ಟಳೆಯನ್ನೂ ಸುತ್ತಾಟದ ನಿಷೇಧಗಳನ್ನೂ ತೆಗೆದುಹಾಕಿತು.

ತಗ್ಗಿ ಬಗ್ಗಿ ನಡೆಯಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಜನ ಕಾರನ್ನು ತಗ್ಗಿಸಿದರು, ತಲೆಯನ್ನು ತಗ್ಗಿಸಲಿಲ್ಲ. ಕಾನೂನಿಗೆ ಇಷ್ಟು ತಿಳಿಯಲು ಅರುವತ್ತಾರು ವರ್ಷ ಬೇಕಾಯಿತು.