ಮುಂಬಯಿಗೆ ಬಂದವರು, ಊರಲ್ಲುಳಿದವರು

ನಗರವೊಂದು ಬೆಳೆದಂತೆ ಅದರ ಸುತ್ತಣ ಹಳ್ಳಿಗಳು ಮಾರ್ಪಡುವುದು ಎಲ್ಲರೂ ಬಲ್ಲ ಸಂಗತಿ. ಆದರೆ ನೂರಾರು ಮೈಲಿ ದೂರದ ನಗರವೊಂದು ಒಂದು ಜಿಲ್ಲೆಯ ಜನಜೀವನವನ್ನೇ ತಿದ್ದಿದ ಉದಾಹರಣೆ ಬೇಕಾದರೆ ಹಿಂದಿನ ಅವಿಭಜಿತ ದಕ್ಷಿಣ ಕನ್ನಡವನ್ನು ನೋಡಬೇಕು.

1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಆದರೂ ಇಲ್ಲಿಯ ಬಡ ತರುಣರು ಹೊಟ್ಟೆಪಾಡಿಗೆ ಹಿಡಿದುದು ಮುಂಬಯಿಯ ದಾರಿಯನ್ನು. ಗದ್ದೆ ಕಿರಿದು, ಗೇಣಿ ಹಿರಿದು. ಬೆನ್ನಿಗೆ ಘಟ್ಟ, ಎದುರಿಗೆ ಕಡಲು. ಹಡಗೇರಿ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಗಳಲ್ಲಿ ಓದಿ, ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಧಣಿಗಳೂ ಆದರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಇಂತಹ ಸಾಹಸಕ್ಕೆ ಸಾಕ್ಷಿ.

ಇವರು ಕಳುಹಿಸಿದ ಮನಿಯಾರ್ಡರು ಊರಿನಲ್ಲಿ ಎರಡನೆಯ ಬೆಳೆಯಾಯಿತು. ಸಾಲ ತೀರಿತು, ಹುಲ್ಲಿನ ಮಾಡಿಗೆ ಹಂಚು ಬಂದಿತು, ತಮ್ಮಂದಿರು ಶಾಲೆ ಸೇರಿದರು. ಉಳಿತಾಯದ ಪಾಠವನ್ನು ಜಿಲ್ಲೆ ಮೊದಲೇ ಕಲಿತಿತ್ತು. 1906ರಲ್ಲಿ ಕಾರ್ಪೊರೇಶನ್ ಮತ್ತು ಕೆನರಾ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕುಗಳು ಈ ಮಣ್ಣಿನಲ್ಲೇ ಹುಟ್ಟಿದವು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯಿತು. 2019 ಮತ್ತು 2020ರ ವಿಲೀನಗಳ ಬಳಿಕ ಇವುಗಳಲ್ಲಿ ಕೆನರಾ ಹೆಸರೊಂದೇ ಉಳಿದಿರುವುದು ಬ್ಯಾಂಕು ನೌಕರರಾದ ನಮಗೆ ನೋವಿನ ಮಾತು.

ಜಮಾ ಇದ್ದಲ್ಲಿ ಖರ್ಚೂ ಇರಲೇಬೇಕಷ್ಟೆ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು, ರಾಜ್ಯದಲ್ಲಿ 973. ಹಿಂದಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಮಿಕ್ಕಿ ಬೆಳೆದರೆ, ಈ ಜಿಲ್ಲೆಯದು ಶೇಕಡಾ 6ನ್ನೂ ಮುಟ್ಟಲಿಲ್ಲ. ದುಡಿಯುವ ವಯಸ್ಸಿನ ಗಂಡಸರು ಪರವೂರು ಸೇರಿದುದು ಇದಕ್ಕೆ ಒಂದು ಮುಖ್ಯ ಕಾರಣ. ಬೇಸಾಯ, ಮಕ್ಕಳು, ಮುದುಕರು—ಎಲ್ಲದರ ಭಾರ ಹೆಂಗಸರ ಹೆಗಲಿಗೆ ಬಿದ್ದಿತು. 1949ರ ಅಳಿಯಸಂತಾನ ಕಾನೂನು ಕುಟುಂಬದ ಆಸ್ತಿ ಪಾಲಾಗಲು ದಾರಿ ತೆರೆಯಿತು. 1974ರಲ್ಲಿ ಜಾರಿಯಾದ ಭೂಸುಧಾರಣೆ ಗೇಣಿಯನ್ನು ಅಳಿಸಿ ಒಕ್ಕಲನ್ನು ಒಡೆಯನನ್ನಾಗಿಸಿತು. ಆದರೆ ಭೂಮಿ ಕೈಗೆ ಬಂದ ಮನೆಗಳಲ್ಲೂ ಉಳುವ ಕೈಗಳು ಕಡಿಮೆಯಾಗುತ್ತ ಬಂದವು. ಭತ್ತದ ಗದ್ದೆ ಎಷ್ಟೋ ಕಡೆ ಅಡಕೆ ತೋಟವಾಯಿತು, ಕೆಲವು ಕಡೆ ಹಡಿಲು ಬಿದ್ದಿತು.

ಹೊರಟು ಬಂದುದು ತಪ್ಪೆಂದು ನಾವು ಹೇಳಲಾರೆವು. ಹಸಿವು ಯಾರನ್ನೂ ಕೇಳಿ ಬರುವುದಿಲ್ಲ. ಆದರೆ ಮುಂಬಯಿ ಕನ್ನಡಿಗರ ಸಾಧನೆಯ ಕಥೆ ಹೇಳುವಾಗ, ಅದರ ಅರ್ಧ ಭಾಗ ಊರಲ್ಲುಳಿದ ತಾಯಿ ಅಕ್ಕಂದಿರ ದುಡಿಮೆಯೆಂಬುದನ್ನು ಮರೆಯಬಾರದು. ರಾಜ್ಯೋತ್ಸವದ ಈ ದಿನ ಅವರ ಋಣವನ್ನೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಡೋಣ.