ಶಿವಪ್ಪನಾಯಕನ ಶಿಸ್ತು ಮತ್ತು ಇಂದಿನ ಧಾನ್ಯದ ಬೆಲೆ

ಶಿವಮೊಗ್ಗ ನಗರದಲ್ಲಿ ತುಂಗೆಯ ದಡಕ್ಕೆ ಸಮೀಪದಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆಯೊಂದಿದೆ. ನೋಡಲು ಬಂದವರು ಮರದ ಕಂಬಗಳನ್ನೂ ಅಲ್ಲಿರಿಸಿರುವ ಶಿಲ್ಪಗಳನ್ನೂ ಕಂಡು ಹಿಂದಿರುಗುತ್ತಾರೆ. ಆದರೆ ಮಲೆನಾಡಿನ ಜನಮನದಲ್ಲಿ ಆ ಅರಸನ ಕೀರ್ತಿ ಹೆಚ್ಚಾಗಿ ಉಳಿದಿರುವುದು ಒಂದು ಲೆಕ್ಕದಿಂದ. ಅದಕ್ಕೆ ‘ಶಿಸ್ತು’ ಎಂದು ಹೆಸರು. ಮಕ್ಕಳಿಗೆ ಶಿಸ್ತು ಕಲಿಸಬೇಕೆನ್ನುವಾಗ ನಾವು ಬಳಸುವ ಮಾತೇ ಅಂದು ಭೂಕಂದಾಯದ ನಿಗದಿಗೆ ಸಲ್ಲುತ್ತಿತ್ತು. ಅಕ್ಕಿ, ಬೇಳೆ, ತರಕಾರಿಗಳ ಬೆಲೆ ಏರಿತೆಂದು ಮನೆಮನೆಗಳಲ್ಲಿ ಮಾತು ನಡೆಯುವ ಈ ಕಾಲದಲ್ಲಿ ಆ ಲೆಕ್ಕವನ್ನು ಮತ್ತೊಮ್ಮೆ ನೋಡುವುದು ಅಪ್ರಸ್ತುತವಾಗಲಾರದು.

ಶಿವಪ್ಪನಾಯಕನು 1645ರಿಂದ 1660ರವರೆಗೆ ಬಿದನೂರಿನಿಂದ ರಾಜ್ಯವಾಳಿದನು. ಕೆಳದಿಯ ವೀರಶೈವ ಅರಸರಲ್ಲಿ ಅವನು ಅಗ್ರಗಣ್ಯ. ಪೋರ್ಚುಗೀಸರನ್ನು ಕರಾವಳಿಯ ಕೋಟೆಗಳಿಂದ ಹೊರದೂಡಿದ ವೀರನೆಂದು ಇತಿಹಾಸಕಾರರು ಅವನನ್ನು ಕೊಂಡಾಡುತ್ತಾರೆ. ಗೋವೆಯ ಪೋರ್ಚುಗೀಸರಿಗೆ ಊಟದ ಅಕ್ಕಿಯೇ ಈ ರಾಜ್ಯದ ಬಂದರುಗಳಿಂದ ಹೋಗಬೇಕಾಗಿತ್ತೆಂಬುದನ್ನು ನೆನೆದರೆ, ಭತ್ತದ ಗದ್ದೆಯೇ ಆ ರಾಜ್ಯದ ಬೊಕ್ಕಸವಾಗಿತ್ತೆಂದು ತಿಳಿಯುತ್ತದೆ. ಅಂತಹ ಬೊಕ್ಕಸವನ್ನು ತುಂಬಿಸಿಕೊಳ್ಳಲು ಅರಸನು ಮೊದಲು ಮಾಡಿದ ಕೆಲಸವನ್ನು ರೈಸ್ ಅವರ ಮೈಸೂರು ಗೆಜೆಟಿಯರು ವಿವರಿಸುತ್ತದೆ. ಒಂದೊಂದು ಬಗೆಯ ನೆಲದಲ್ಲಿಯೂ ಒಂದೊಂದು ಗದ್ದೆಯನ್ನು ಅರಸನು ತನ್ನ ಖರ್ಚಿನಲ್ಲಿಯೇ ಹಲವು ವರ್ಷ ಸಾಗುವಳಿ ಮಾಡಿಸಿದನಂತೆ. ಬಿತ್ತಿದ ಬೀಜವೆಷ್ಟು, ಕೃಷಿಗೆ ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದಕ್ಕೆ ದೊರೆತ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಯಿಸಿ, ಒಳ್ಳೆಯ ವರ್ಷ ಕೆಟ್ಟ ವರ್ಷಗಳ ಸರಾಸರಿ ತೆಗೆದು, ನೆಲವನ್ನು ಗುಣಾನುಸಾರ ಐದು ವರ್ಗಗಳಾಗಿ ವಿಂಗಡಿಸಿ, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಮನೆಗೆಂದು ಗೊತ್ತುಮಾಡಿದನು. ತೋಟಗಳಿಗೆ ಮರಗಳ ಎಣಿಕೆಯ ಮೇಲೆ ತೆರಿಗೆ ನಿಂತಿತು.

ಮೂರನೆಯ ಒಂದು ಭಾಗ ಸಣ್ಣ ತೆರಿಗೆಯೇನೂ ಅಲ್ಲ. ಶಿವಪ್ಪನಾಯಕನನ್ನು ರೈತರ ಬಂಧುವೆಂದು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು. ನಮಗೆ ಮುಖ್ಯವಾಗುವುದು ಬೇರೊಂದು ಸಂಗತಿ. ಪಾಲು ಕೇಳುವ ಮೊದಲು ಉಳುವವನ ಖರ್ಚನ್ನು ತಿಳಿಯಬೇಕೆಂದು ಆ ಅರಸನಿಗೆ ತೋರಿತು. ಆ ಖರ್ಚನ್ನು ತಾನೇ ಹೊತ್ತು ತಿಳಿದನು.

ಈ ಲೆಕ್ಕ ಕೆಟ್ಟಾಗಲೆಲ್ಲ ನಮ್ಮ ಜಿಲ್ಲೆ ಸುಮ್ಮನಿದ್ದುದಿಲ್ಲ. ಅಮಲ್ದಾರರಿಂದ ಇಂತಿಷ್ಟು ಹಣಕ್ಕೆ ಕರಾರು ಮಾಡಿಸಿಕೊಳ್ಳುವ ‘ಶರ್ತಿ’ ಪದ್ಧತಿಯ ಹಿಂಸೆ ತಾಳಲಾರದೆ 1830ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ಮರುವರ್ಷ ಮೈಸೂರಿನ ಆಡಳಿತವೇ ಅರಸರ ಕೈಬಿಟ್ಟು ಬ್ರಿಟಿಷರಿಗೆ ಸೇರಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದಕ್ಕೆ ಗೇಣಿ ಭತ್ತವನ್ನಳೆಯುವ ಕೊಳಗದ ಗಾತ್ರವೇ ಒಂದು ಮುಖ್ಯ ಕಾರಣ. ಅಂದಿನ ಭೂಮಾಲೀಕರಲ್ಲಿ ನಮ್ಮ ಸಮಾಜದವರೂ ಇದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಕಾಯಕ ದಾಸೋಹಗಳ ಮಾತನಾಡುವವರ ಮನೆಯ ಕೊಳಗ ದೊಡ್ಡದಾಗಿದ್ದುದು ನಾಚಿಕೆಯ ವಿಷಯ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಕೊಳಗವೇ ಇಲ್ಲವಾಯಿತು. ಅನೇಕ ಮಠಗಳ ಜಮೀನುಗಳೂ ಉಳುವವರಿಗೆ ಸಂದವು. ಅಲ್ಲಿಂದೀಚೆಗೆ ಆ ಮಠಗಳ ದಾಸೋಹಕ್ಕೆ ಬರುವ ಭತ್ತವು ಹಕ್ಕಿನಿಂದ ಬಂದುದಲ್ಲ, ಸುಗ್ಗಿಯಲ್ಲಿ ಭಕ್ತರು ಮನಸಾರೆ ತಂದೊಪ್ಪಿಸಿದುದು. ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಇಂದು ದೊಡ್ಡ ಹುದ್ದೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು, ತಾವು ಉಂಡ ಅನ್ನ ಯಾವ ಊರಿನ ಗದ್ದೆಯದೆಂದು ಒಮ್ಮೆ ಯೋಚಿಸಬಹುದು.

1980ರಲ್ಲಿ ಇದೇ ಶಿವಮೊಗ್ಗೆಯ ಕಬ್ಬು ಬೆಳೆಗಾರರ ಸಂಘಟನೆಯಿಂದ ರಾಜ್ಯ ರೈತಸಂಘ ಮೊಳೆಯಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಮುಂದಿಟ್ಟ ಬೇಡಿಕೆಗಳಲ್ಲಿ ‘ವೈಜ್ಞಾನಿಕ ಬೆಲೆ’ ಎಂಬುದೊಂದು. ಉತ್ಪಾದನೆಯ ವೆಚ್ಚವನ್ನು ಲೆಕ್ಕಹಾಕಿ ಬೆಲೆ ಕಟ್ಟಿರಿ ಎಂಬುದೇ ಅದರ ತಿರುಳು. ಮುನ್ನೂರು ವರ್ಷಗಳ ಹಿಂದೆ ಅರಸನು ಕೇಳದೆಯೇ ಮಾಡಿದ್ದನ್ನು ರೈತನು ಹಸಿರು ಶಾಲು ಹೊದ್ದು ಬೀದಿಗಿಳಿದು ಕೇಳಬೇಕಾಯಿತು.

ಇತ್ತ ಭದ್ರಾವತಿಯ ಕಥೆ ಬೇರೆ ಬಗೆಯದು. ಬೆಂಕಿಪುರವೆಂಬ ಸಣ್ಣ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಪ್ರಾರಂಭಿಸಿದ ಮೇಲೆ, ದುಡಿದು ಸಂಬಳ ತಂದು ಧಾನ್ಯ ಕೊಳ್ಳುವ ದೊಡ್ಡ ಜನಸಮೂಹವೊಂದು ಅಲ್ಲಿ ಬೆಳೆಯಿತು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಅದನ್ನು ಇನ್ನಷ್ಟು ಹೆಚ್ಚಿಸಿತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು ನಾಲೆಗಳಲ್ಲಿ ನೀರು ಹರಿದಾಗ, ಪೇಟೆಯ ಸುತ್ತಲೇ ಭತ್ತದ ಬಯಲು ಹಬ್ಬಿತು. ಉಣ್ಣುವವರೂ ಬೆಳೆಯುವವರೂ ಇಷ್ಟು ಹತ್ತಿರ ಇರುವ ಊರುಗಳು ಹೆಚ್ಚಿಲ್ಲ. ಆದರೆ ಕಾಗದದ ಕಾರ್ಖಾನೆ 2015-16ರ ಹೊತ್ತಿಗೆ ನಿಂತುಹೋಯಿತು, ಕಬ್ಬಿಣದ ಕಾರ್ಖಾನೆ ಸೊರಗಿತು. ನಾಲೆಯ ಕೆಳಗಿನ ಎಷ್ಟೋ ಗದ್ದೆಗಳಲ್ಲಿ ಅಡಿಕೆ ಸಸಿ ಎದ್ದಿತು. ಅದಕ್ಕಾಗಿ ರೈತನನ್ನು ದೂರುವಂತಿಲ್ಲ. ಅಡಿಕೆಗೆ 1939ರಿಂದ ಮ್ಯಾಮ್‌ಕೋಸ್ ಎಂಬ ಬೆಳೆಗಾರರದೇ ಸಹಕಾರ ಸಂಘದ ಬಲವಿದೆ. ಭತ್ತಕ್ಕೂ ಸೊಪ್ಪಿಗೂ ಅಂತಹ ಆಸರೆ ಎಲ್ಲಿದೆ?

ಆದ್ದರಿಂದ ಬೆಲೆ ಏರಿದಾಗ ಕೆಲಸ ಕಳೆದುಕೊಂಡ ಕಾರ್ಮಿಕನ ಮನೆಯವರ ಸಂಕಟ ನಿಜವಾದುದೇ. ರೈತನಿಗೆ ಹೆಚ್ಚು ಕೊಡಿರೆಂದು ಅವರಿಗೆ ಉಪದೇಶಿಸುವುದು ಸರಿಯಲ್ಲ. ನೋಡಬೇಕಾದುದು, ಅವರು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂಬುದನ್ನು. ರಿಸರ್ವ್ ಬ್ಯಾಂಕು 2024ರಲ್ಲಿ ಹೊರತಂದ ಅಧ್ಯಯನಗಳ ಪ್ರಕಾರ, ಗ್ರಾಹಕನು ಟೊಮೇಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ಪೈಸೆ. ಕಂದಾಯಕ್ಕೂ ವ್ಯಾಪಾರಕ್ಕೂ ಹೋಲಿಕೆ ಪೂರ್ತಿ ಸಲ್ಲದೆಂಬುದನ್ನು ಬಲ್ಲೆ. ಆದರೂ ಶಿವಪ್ಪನಾಯಕನ ಕಾಲದಲ್ಲಿ ಅರಮನೆಗೆ ಹೋಗುತ್ತಿದ್ದ ಪಾಲು ಇಂದು ಬೆಳೆದವನ ಪಾಲಾಗಿದೆ, ಅವನಿಗೆ ಉಳಿಯುತ್ತಿದ್ದ ಎರಡು ಪಾಲು ದಾರಿಯಲ್ಲಿ ಕರಗುತ್ತಿದೆ.

ಅಕ್ಕಿಯ ಲೆಕ್ಕವನ್ನೂ ನೋಡೋಣ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ಸರ್ಕಾರದ ಲೆಕ್ಕದಂತೆ ಅದರಿಂದ ದೊರೆಯುವ ಅಕ್ಕಿ 67 ಕಿಲೋ. ಅಂದರೆ ಕಿಲೋ ಅಕ್ಕಿಗೆ ರೈತನಿಗೆ ಸಂದುದು 34 ರೂಪಾಯಿ. ಅದೂ ಬೆಂಬಲ ಬೆಲೆ ಕೈಗೆ ಹತ್ತಿದರೆ. 2023ರ ಜುಲೈಯಲ್ಲಿ ಅನ್ನಭಾಗ್ಯಕ್ಕೆ ಬೇಕಾದ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಸರ್ಕಾರವು ಅದರ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಹಂಚಿತು. ಆ ಹಣಕ್ಕೆ ಪೇಟೆಯಲ್ಲಿ ಎಷ್ಟು ಅಕ್ಕಿ ಬಂದಿತೆಂಬುದನ್ನು ಕೊಂಡವರೇ ಬಲ್ಲರು.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ ಭಕ್ತರಿಗೆಲ್ಲ ತಿಳಿದುದೇ. ನಾವು ಅದನ್ನು ನಿರಾಶೆಯ, ಎಂದರೆ ಆಸೆಯಿಲ್ಲದಿರುವಿಕೆಯ, ಪಾಠವೆಂದು ಹೇಳಿಕೊಂಡು ಬಂದಿದ್ದೇವೆ. ಲಕ್ಕಮ್ಮನಿಗೆ ತನ್ನ ಮನೆಗೆ ಎಷ್ಟು ಅಕ್ಕಿ ಬೇಕೆಂಬ ಲೆಕ್ಕವೂ ಚೆನ್ನಾಗಿ ಗೊತ್ತಿತ್ತು.

ಶಿವಮೊಗ್ಗ ಭದ್ರಾವತಿಗಳ ನೂರು ಮನೆಯವರು ಸೇರಿ ವರ್ಷಕ್ಕೆ ಬೇಕಾಗುವ ಭತ್ತವನ್ನು ಸುಗ್ಗಿಯಲ್ಲಿಯೇ ಸುತ್ತಣ ರೈತರಿಂದ ನೇರವಾಗಿ ಕೊಂಡು, ಊರಿನ ಗಿರಣಿಯಲ್ಲಿ ಅಕ್ಕಿ ಮಾಡಿಸಿಕೊಳ್ಳುವುದು ಅಸಾಧ್ಯವಲ್ಲ. ಹಿಂದಿನ ತಲೆಮಾರಿನವರು ಪಣತದಲ್ಲಿ ಭತ್ತ ತುಂಬಿಟ್ಟುಕೊಂಡೇ ಬಾಳಿದರು. ಒಟ್ಟಿಗೆ ಹಣ ಹೊಂದಿಸಲಾರದ ಮನೆಯವರಿಗೆ ಕಂತಿನ ಏರ್ಪಾಡು ಮಾಡಬಹುದು. ತರಕಾರಿಗೆ ಅಮಾವಾಸ್ಯೆಯಂದು ಮಠಕ್ಕೆ ಜನ ಸೇರುವ ಹೊತ್ತೇ ಸಾಕು. ಅಂಗಳದ ಒಂದು ಬದಿಯಲ್ಲಿ ಬೆಳೆದವರು ಕುಳಿತುಕೊಳ್ಳಲಿ. ಬೆಲೆ ಹೇಳುವ ಮೊದಲು ಬೀಜ, ಗೊಬ್ಬರ, ಆಳಿನ ಕೂಲಿ, ಸಾಗಣೆಯ ಬಾಡಿಗೆ ಇವುಗಳ ಖರ್ಚನ್ನು ಒಂದು ಹಲಗೆಯ ಮೇಲೆ ಬರೆದಿಡಲಿ. ತಕ್ಕಡಿ ಮಾತ್ರ ಮಠದ್ದಾಗಿರಲಿ, ಅದನ್ನು ಹಿಡಿಯುವವರು ಹಳೆಯ ವಿದ್ಯಾರ್ಥಿಗಳಾಗಿರಲಿ.