ಪ್ರೀತಿಗೆ ಅಡ್ಡ ನಿಂತವರು

ಒಟಿಟಿ ಆ್ಯಪ್ ತೆರೆದರೆ ಸಿನಿಮಾಗಳೆಲ್ಲ ಡಬ್ಬಿಗಳಲ್ಲಿ ಕೂತಿರುತ್ತವೆ. ರೊಮ್ಯಾನ್ಸ್ ಒಂದು ಡಬ್ಬಿ, ಥ್ರಿಲ್ಲರ್ ಇನ್ನೊಂದು, ಹಾರರ್ ಮತ್ತೊಂದು. ಕನ್ನಡ ಚಿತ್ರರಂಗದ ಚರಿತ್ರೆ ಹೇಳುವವರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ಅವರ ಡಬ್ಬಿಗಳ ಹೆಸರು ಮಾತ್ರ ಬೇರೆ: ರಾಜ್‌ಕುಮಾರ್ ಯುಗ, ಪುಟ್ಟಣ್ಣ ಕಣಗಾಲರ ಕಾದಂಬರಿ ಚಿತ್ರಗಳು, ಹೊಸ ಅಲೆ, ‘ಮುಂಗಾರು ಮಳೆ’ಯ ನಂತರದ ಕಾಲ. ಹೀಗೆ ಜೋಡಿಸಿಡುವಾಗ ಯಾವ ಡಬ್ಬಿಗೂ ಪೂರ್ತಿ ಹೊಂದದ ಕೆಲವು ಚಿತ್ರಗಳು ಹೊರಗುಳಿಯುತ್ತವೆ. ಅವು ಪ್ರೇಮಕಥೆಗಳೇ, ಆದರೆ ಜೊತೆಗೆ ದೆವ್ವದ ಕಥೆ, ಒಗಟಿನ ಕಥೆ, ಭೂಗತಲೋಕದ ಕಥೆ, ಕನಸಿನ ಕಥೆ ಕೂಡ. ‘ಇದು ಲವ್ ಸ್ಟೋರಿನಾ, ಥ್ರಿಲ್ಲರಾ?’ ಎಂದು ಕೇಳಿದರೆ ಅವುಗಳ ಬಳಿ ಒಂದೇ ಮಾತಿನ ಉತ್ತರವಿಲ್ಲ.

ಈ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು. ಎಲ್ಲ ಪ್ರೇಮಕಥೆಯಲ್ಲೂ ಇಬ್ಬರ ನಡುವೆ ಏನೋ ಒಂದು ಅಡ್ಡ ಬರಲೇಬೇಕು. ಶುದ್ಧ ಪ್ರೇಮಚಿತ್ರಗಳಲ್ಲಿ ಆ ಅಡ್ಡಿ ಸಾಮಾನ್ಯವಾಗಿ ಅಪ್ಪ, ಅಂತಸ್ತು, ಇಲ್ಲವೇ ತ್ಯಾಗಬುದ್ಧಿ. ಬೆರಕೆ ಚಿತ್ರಗಳಲ್ಲಾದರೆ ಬೆರೆತ ಆ ಎರಡನೇ ಪ್ರಕಾರವೇ ಅಡ್ಡಿಯ ಹೆಸರಾಗಿರುತ್ತದೆ. ಯಾವ ಕಾಲದಲ್ಲಿ ಯಾವ ಪ್ರಕಾರ ಬಂದು ಪ್ರೇಮದ ಜೊತೆ ಸೇರಿತು ಎಂದು ನೋಡಿದರೆ, ಆ ಕಾಲದಲ್ಲಿ ಇಬ್ಬರು ಪ್ರೀತಿಸುವುದಕ್ಕೆ ನಿಜವಾಗಿ ಏನು ತೊಡಕಾಗಿತ್ತು ಎಂಬುದರ ಒಂದು ಚರಿತ್ರೆ ಸಿಗುತ್ತದೆ.

ಮೊದಲಿಗೆ ಒಂದು ಹಳೆಯ ಮಾತು. ಈ ಬೆರಕೆ ಹಾಲಿವುಡ್‌ನಿಂದ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳಾದರೂ ಹಾಗೆ ತಿಳಿಯಬೇಕಿಲ್ಲ. ಬಾಣನನ್ನು ಅನುಸರಿಸಿ ಒಂದನೇ ನಾಗವರ್ಮ ಬರೆದ ‘ಕರ್ನಾಟಕ ಕಾದಂಬರಿ’ಯಲ್ಲಿ ಪ್ರೇಮ ಜನ್ಮದಿಂದ ಜನ್ಮಕ್ಕೆ ದಾಟುತ್ತದೆ, ಶಾಪ, ಸಾವು, ಗಿಳಿಯ ಜನ್ಮ ಎಲ್ಲವೂ ಅದರ ದಾರಿಯಲ್ಲಿವೆ. 12ನೇ ಶತಮಾನದ ಕೊನೆಯ ಭಾಗದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ರಾಜಕುಮಾರ ಕಂದರ್ಪ ತನ್ನ ಪ್ರೇಯಸಿಯನ್ನು ಮೊದಲು ಕಾಣುವುದೇ ಕನಸಿನಲ್ಲಿ; ಆಮೇಲೆ ಅವಳನ್ನು ಹುಡುಕಿಕೊಂಡು ಹೊರಡುತ್ತಾನೆ. ಪುನರ್ಜನ್ಮ ಮತ್ತು ಕನಸು ಎಂಬ ಈ ಎರಡು ದಾರಿಗಳೂ ಎಂಟು ನೂರು ವರ್ಷಗಳ ನಂತರ ನಮ್ಮ ಸಿನಿಮಾದಲ್ಲಿ ಮತ್ತೆ ತೆರೆದುಕೊಳ್ಳುತ್ತವೆ.

1979ರಲ್ಲಿ ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ ಬಂತು. ಅನಂತ್‌ನಾಗ್, ಲಕ್ಷ್ಮಿ ಜೋಡಿ, ರಾಜನ್–ನಾಗೇಂದ್ರ ಸಂಗೀತ. ಸುಖವಾಗಿರುವ ಗಂಡ ಹೆಂಡತಿ. ಗಂಡನ ಮೈಮೇಲೆ ಅವನನ್ನು ಬಯಸಿ ಸತ್ತ ಹೆಣ್ಣಿನ ಆತ್ಮ ಬರುತ್ತದೆ. ರಾಘವೇಂದ್ರಸ್ವಾಮಿಗಳ ಮೇಲಿನ ಭಕ್ತಿಯನ್ನೇ ಆಸರೆಯಾಗಿಸಿಕೊಂಡು ಹೆಂಡತಿ ಅವನನ್ನು ಬಿಡಿಸಿಕೊಳ್ಳುತ್ತಾಳೆ. 1981ರಲ್ಲಿ ಇದೇ ನಿರ್ದೇಶಕರು ಅನಂತ್‌ನಾಗ್ ಮತ್ತು ರೇಖಾ ಅವರನ್ನಿಟ್ಟು ಹಿಂದಿಯಲ್ಲಿ ‘ಮಂಗಳಸೂತ್ರ’ ಎಂದು ಇದನ್ನು ಮತ್ತೆ ಮಾಡಿದರು. ನಮ್ಮ ಅಮ್ಮಂದಿರ ತಲೆಮಾರು ಹೆದರಿಕೊಂಡೇ ಇದನ್ನು ನೋಡಿದೆ. ನನ್ನ ಓರಗೆಯವರಲ್ಲಿ ನೋಡಿದವರು ಕಡಿಮೆ.

ನನ್ನ ಗಮನ ಹೋದದ್ದು ಶೀರ್ಷಿಕೆಯ ಕಡೆಗೆ. ‘ನಾ ನಿನ್ನ ಬಿಡಲಾರೆ’ ಎನ್ನುವವರು ಯಾರು? ದೆವ್ವವೂ ಅದನ್ನೇ ಹೇಳುತ್ತದೆ, ಹೆಂಡತಿಯೂ ಅದನ್ನೇ ಹೇಳುತ್ತಾಳೆ. ಮಾತು ಒಂದೇ, ತಾಳಿ ಕಟ್ಟಿಸಿಕೊಂಡವಳು ಹೇಳಿದರೆ ಪಾತಿವ್ರತ್ಯ, ಕಟ್ಟಿಸಿಕೊಳ್ಳದವಳು ಹೇಳಿದರೆ ಪೀಡೆ. ಹಗಲಿನಲ್ಲಿ, ಬದುಕಿರುವಾಗ, ಒಬ್ಬ ಹೆಣ್ಣು ತನ್ನ ಆಸೆಯನ್ನು ಅಷ್ಟು ಗಟ್ಟಿಯಾಗಿ ಹೇಳಲು ಆ ಕಾಲದ ಕೌಟುಂಬಿಕ ಚಿತ್ರ ಬಿಡುತ್ತಿರಲಿಲ್ಲ. ಸತ್ತ ಮೇಲೆ ಹೇಳಬಹುದಿತ್ತು. ಇಲ್ಲಿ ಹಾರರ್ ಬಂದದ್ದು ಪ್ರೇಕ್ಷಕರನ್ನು ಹೆದರಿಸಲು ಎನ್ನುವುದು ಅರ್ಧ ಸತ್ಯ. ಮದುವೆಯ ಹೊರಗಿನ ಆಸೆಗೆ ಬಾಯಿ ಕೊಡಲು ಬೇರೆ ಜಾಗವಿರಲಿಲ್ಲ ಎನ್ನುವುದು ಉಳಿದರ್ಧ.

ಮರುವರ್ಷ, 1980ರಲ್ಲಿ, ಶಂಕರ್‌ನಾಗ್ ‘ಜನ್ಮ ಜನ್ಮದ ಅನುಬಂಧ’ ನಿರ್ದೇಶಿಸಿದರು. ಅದೇ ವರ್ಷದ ‘ಮಿಂಚಿನ ಓಟ’ವನ್ನು ಎಲ್ಲರೂ ನೆನೆಯುತ್ತಾರೆ, ಇದನ್ನು ನೆನೆಯುವವರು ವಿರಳ. ಇಳಯರಾಜಾ ಸಂಗೀತದ ಇದರ ಹಾಡುಗಳನ್ನು ಈಗಲೂ ಎಫ್‌ಎಂನಲ್ಲಿ ಕೇಳುತ್ತೇವೆ. ಆ ಹಾಡುಗಳ ಸುತ್ತ ಪುನರ್ಜನ್ಮದ ಒಂದು ರಹಸ್ಯಕಥೆ ಇತ್ತು ಎಂದು ಹೇಳಿದರೆ ಕೇಳಿದವರಿಗೆ ಆಶ್ಚರ್ಯ. ಕನ್ನಡದ ಎಷ್ಟೋ ಚಿತ್ರಗಳ ಪಾಡು ಇದೇ: ಹಾಡು ಉಳಿಯುತ್ತದೆ, ಕಥೆ ಅಳಿಯುತ್ತದೆ. ಇಲ್ಲಿ ಅಡ್ಡಿ ಸಾವು. ಒಂದು ಜನ್ಮದಲ್ಲಿ ಆಗದ್ದನ್ನು ಇನ್ನೊಂದಕ್ಕೆ ಮುಂದೂಡುವುದು ನಾಗವರ್ಮನ ಕಾಲದ ಉಪಾಯ. ಅದನ್ನು ಆಧುನಿಕ ರಹಸ್ಯಚಿತ್ರದ ಹದದಲ್ಲಿ ಕೂರಿಸಲು ಶಂಕರ್ ಯತ್ನಿಸಿದ್ದರು.

ಅಲ್ಲಿಂದ ಹದಿನೈದು ವರ್ಷ ಮುಂದಕ್ಕೆ ಬಂದರೆ ಬೆಂಗಳೂರಿನ ಅಂಚುಗಳು ಬದಲಾಗುತ್ತಿದ್ದವು. 1976ರಲ್ಲಿ ಶುರುವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಕನಸು ಕಂಡಿದ್ದ ಎಲೆಕ್ಟ್ರಾನಿಕ್ ಸಿಟಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ತಲೆ ಎತ್ತಿತ್ತು. 1994ರಲ್ಲಿ ಇನ್ಫೋಸಿಸ್ ಅಲ್ಲಿಗೆ ಬಂತು. ಅದರ ಮರುವರ್ಷ ತೆರೆಗೆ ಬಂದದ್ದು ಸುನಿಲ್ ಕುಮಾರ್ ದೇಸಾಯಿ ಅವರ ‘ಬೆಳದಿಂಗಳ ಬಾಲೆ’. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಅದರ ಮೂಲ. ಚೆಸ್ ಆಟಗಾರ ರೇವಂತನಿಗೆ ಅಪರಿಚಿತ ಹೆಣ್ಣೊಬ್ಬಳು ಫೋನ್ ಮಾಡುತ್ತಾಳೆ. ಹೆಸರು ಹೇಳುವುದಿಲ್ಲ, ಒಗಟು ಕೊಡುತ್ತಾಳೆ, ಗಡುವಿನೊಳಗೆ ನನ್ನನ್ನು ಕಂಡುಹಿಡಿ ಎನ್ನುತ್ತಾಳೆ. ಅವಳ ಮುಖವನ್ನು ಚಿತ್ರ ತೋರಿಸುವುದಿಲ್ಲ.

ಪೀಣ್ಯದ ಕಡೆ ನಾನಿರುವ ಪಿಜಿಯಲ್ಲಿ ಇದನ್ನು ನೋಡಿದ ಗೆಳೆಯನೊಬ್ಬ, ಮಷಿನ್ ಶಾಪಿನಲ್ಲಿ ಕೆಲಸ ಮಾಡುವವನು, ‘ಟ್ರೂಕಾಲರ್ ಇದ್ದಿದ್ರೆ ಹತ್ತು ನಿಮಿಷದ ಸಿನಿಮಾ ಇದು’ ಎಂದು ನಕ್ಕ. ಅವನ ಮಾತಿನಲ್ಲೇ ಚಿತ್ರದ ಚರಿತ್ರೆ ಇದೆ. ಕರೆ ಮಾಡಿದವರು ಯಾರೆಂದು ಫೋನ್ ತಾನಾಗಿ ತೋರಿಸದ, ಒಂದು ಬೀದಿಗೆ ನಾಲ್ಕು ಮನೆಯಲ್ಲಿ ಫೋನ್ ಇದ್ದರೆ ಹೆಚ್ಚು ಎನ್ನುವ ಕೆಲವೇ ವರ್ಷಗಳಲ್ಲಿ ಮಾತ್ರ ಈ ಪ್ರೇಮ ಸಾಧ್ಯವಿತ್ತು. ಆ ಕಾಲದ ಮನೆಗಳಲ್ಲಿದ್ದ ಡಯಲ್ ಫೋನ್‌ಗಳಲ್ಲಿ ಬಹಳಷ್ಟನ್ನು ಮಾಡಿದ್ದು 1948ರಲ್ಲಿ ಶುರುವಾದ ಐಟಿಐ. ಈಗ ವೈಟ್‌ಫೀಲ್ಡ್ ಕಡೆ ಹೋಗುವ ಕ್ಯಾಬ್‌ಗಳು ಅದರ ದೂರವಾಣಿನಗರದ ಕಾರ್ಖಾನೆಯ ಮುಂದೆಯೇ ಹಾದುಹೋಗುತ್ತವೆ. ಅಂದರೆ ಹಳೆಯ ಹೊರಬೆಂಗಳೂರು ತಯಾರಿಸಿದ ಯಂತ್ರದ ಮೇಲೆ ನಿಂತ ಪ್ರೇಮಕಥೆ ಇದು. ಅಡ್ಡಿ ಇಲ್ಲಿ ಅಪ್ಪನೂ ಅಲ್ಲ, ಜಾತಿಯೂ ಅಲ್ಲ. ಗುರುತು ಹತ್ತದ ಊರು. ಪರಿಚಯವಿಲ್ಲದ ಲಕ್ಷಾಂತರ ಜನರ ನಡುವೆ ಒಬ್ಬಳನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆಗೆ ಪತ್ತೇದಾರಿ ಕಥೆಯ ರೂಪವೇ ತಕ್ಕದ್ದು.

ಆದರೆ ಒಂದು ತಕರಾರು. ಇಡೀ ಆಟ ನಡೆಸುವವಳು ಅವಳು, ಬುದ್ಧಿಯಲ್ಲಿ ಒಂದು ಕೈ ಮೇಲು. ಆದರೂ ಅವಳ ದಿನ ಹೇಗೆ ಕಳೆಯುತ್ತಿತ್ತು ಎಂಬುದು ನಮಗೆ ಸಿಗುವುದಿಲ್ಲ. ನಾವು ಕೂತಿರುವುದು ಕೊನೆಯವರೆಗೂ ರೇವಂತನ ಕುರ್ಚಿಯಲ್ಲೇ. ಇಲ್ಲಿ ಹೆಸರಿಸಿರುವ ಬಹುತೇಕ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ರೂಪಾ ರಾವ್ ಅವರ ‘ಗಂಟುಮೂಟೆ’ 2019ರಲ್ಲಿ ಬಂದಾಗ, ಶಾಲಾ ಹುಡುಗಿಯೊಬ್ಬಳ ಪ್ರೇಮವನ್ನು ಅವಳ ದನಿಯಲ್ಲೇ ಕೇಳಿದೆವು ಎಂಬುದೇ ಸುದ್ದಿಯಾಗುವಷ್ಟು ಅಪರೂಪವಾಗಿತ್ತು.

ಬೆರೆಸಿದ್ದೆಲ್ಲ ಬೆರೆಯುತ್ತದೆ ಎಂದೇನಿಲ್ಲ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ತ್ರಿಪಾತ್ರ, ಅದರಲ್ಲೊಂದು ರೋಬೋ; ನಿರ್ದೇಶನ ದಿನೇಶ್ ಬಾಬು. ಅಷ್ಟು ಬೇಗ ರೋಬೋವನ್ನು ಪ್ರೇಮಕಥೆಗೆ ತಂದ ಧೈರ್ಯ ಮೆಚ್ಚಬೇಕು. ಆದರೆ ಆ ರೋಬೋ ನಮ್ಮ ಯಾವ ತೊಡಕಿನ ಹೆಸರೂ ಆಗುವುದಿಲ್ಲ ಎಂದು ನನಗನ್ನಿಸುತ್ತದೆ. ಹಾಗಾಗಿ ಅದು ಚಮತ್ಕಾರವಾಗಿ ಉಳಿಯಿತು, ಕಥೆಯೊಳಗೆ ಇಳಿಯಲಿಲ್ಲ.

ಇದಕ್ಕೆ ಎದುರಾಗಿ 2007ರ ‘ಆ ದಿನಗಳು’ ನೋಡಿ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ ಚಿತ್ರ. ಚಿತ್ರಕಥೆಯಲ್ಲಿ ಗಿರೀಶ್ ಕಾರ್ನಾಡರ ಕೈಯೂ ಇದೆ. ಎಲ್ಲರೂ ಇದನ್ನು ರೌಡಿಸಂ ಚಿತ್ರವೆಂದೇ ನೆನಪಿಟ್ಟುಕೊಂಡಿದ್ದಾರೆ. ಕಥೆ ಶುರುವಾಗುವುದು ಮಾತ್ರ ಪ್ರೇಮದಿಂದ. ಮಗನ ಪ್ರೀತಿ ಒಪ್ಪದ ಶ್ರೀಮಂತ ತಂದೆ ಅದನ್ನು ಮುರಿಯುವ ಕೆಲಸಕ್ಕೆ ಕೊತ್ವಾಲ್ ರಾಮಚಂದ್ರನ ನೆರವು ಕೇಳುತ್ತಾನೆ. ಅಲ್ಲಿಂದ ಮುಂದಿನ ರಕ್ತವೆಲ್ಲ ಆ ಒಂದು ಕೋರಿಕೆಯ ಫಲ. ಹಳೆಯ ಚಿತ್ರಗಳ ಅಪ್ಪ ತಾನೇ ಬಾಗಿಲಲ್ಲಿ ನಿಂತು ಗದರುತ್ತಿದ್ದ. 1980ರ ದಶಕದ ಬೆಂಗಳೂರಿನ ಕಥೆ ಹೇಳುವ ಈ ಚಿತ್ರದಲ್ಲಿ ಅಪ್ಪ ತನ್ನ ಸಿಟ್ಟನ್ನು, ಈಗಿನ ಭಾಷೆಯಲ್ಲಿ ಹೇಳುವುದಾದರೆ, ಔಟ್‌ಸೋರ್ಸ್ ಮಾಡುತ್ತಾನೆ.

ಸೂರಿಯವರ ‘ಕೆಂಡಸಂಪಿಗೆ’ಯಲ್ಲಿ (2015) ಅದೇ ಕೆಲಸ ಪೊಲೀಸರ ಪಾಲಿಗೆ ಬರುತ್ತದೆ. ಮಗಳ ಪ್ರೀತಿ ಒಪ್ಪದ ಶ್ರೀಮಂತ ತಾಯಿ, ಪರಿಚಯದ ಪೊಲೀಸ್ ಅಧಿಕಾರಿ, ಠಾಣೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಹುಡುಗ, ಆಮೇಲೆ ಇಬ್ಬರ ಓಟ. ‘ಭಾಗ 2, ಗಿಣಿಮರಿ ಕೇಸ್’ ಎಂದೇ ಹೆಸರಿಟ್ಟುಕೊಂಡು, ಮೊದಲ ಭಾಗವಿಲ್ಲದೆಯೇ ಬಂದ ಚಿತ್ರ ಇದು. ಸುನಿ ಅವರ ‘ಆಪರೇಷನ್ ಅಲಮೇಲಮ್ಮ’ದಲ್ಲಿ (2017) ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ, ಬ್ರ್ಯಾಂಡ್ ಬಟ್ಟೆಯ ಹುಚ್ಚಿರುವ ಅನಾಥ ಹುಡುಗ ಟೀಚರೊಬ್ಬಳನ್ನು ಪ್ರೀತಿಸುತ್ತಾನೆ, ನಡುವೆ ಮಗುವಿನ ಅಪಹರಣದ ಪ್ರಕರಣ ಬಂದು ವಿಚಾರಣೆಗೆ ಕೂರಬೇಕಾಗುತ್ತದೆ. ಅದು ನಗಿಸುತ್ತಲೇ ಸಾಗುವ ಚಿತ್ರ. ಆದರೂ ಎರಡರಲ್ಲೂ ಕ್ರೈಂ ಕಥೆ ಹೇಳುವುದು ಒಂದೇ ಸಂಗತಿ: ಈ ಊರಿನಲ್ಲಿ ಕೈಯಲ್ಲಿ ಕಾಸಿಲ್ಲದ ಪ್ರೇಮಿ ಮೊದಲು ಶಂಕಿತ, ಆಮೇಲೆ ಅಳಿಯ.

ಈ ಸಾಲಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪವನ್ ಕುಮಾರ್ ಅವರ ‘ಲೂಸಿಯಾ’ (2013). ನಿರ್ಮಾಪಕರು ಸಿಗದಾಗ ಅವರು ಬ್ಲಾಗ್ ಬರೆದು ಜನರನ್ನೇ ಹಣ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, 2015ರಲ್ಲಿ ತಮಿಳಿಗೆ ‘ಎನಕ್ಕುಳ್ ಒರುವನ್’ ಆಗಿ ಹೋಯಿತು. ಈ ದಾಖಲೆ ಎಲ್ಲರಿಗೂ ಗೊತ್ತು. ಪ್ರೇಮಕಥೆಯಾಗಿ ಅದನ್ನು ಓದಿದವರು ಕಡಿಮೆ.

ನಿಕ್ಕಿ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ. ಬೆಂಗಳೂರಿನ ಕಪಾಲಿ, ಸಾಗರ್, ಮೆಜೆಸ್ಟಿಕ್‌ನಂಥ ಚಿತ್ರಮಂದಿರಗಳು ಒಂದೊಂದಾಗಿ ಇಲ್ಲವಾದ ಮೇಲೆ ಅಂಥ ಕೆಲಸವೇ ಅಪರೂಪ. ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಬಯಸಿದ ಬದುಕನ್ನು ಕನಸಿನಲ್ಲಿ ಕೊಡುವ ಮಾತ್ರೆಯೊಂದು ಸಿಗುತ್ತದೆ. ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಶ್ವೇತಾ ಒಂದು ಬದುಕಿನಲ್ಲಿ, ನಟನ ಪ್ರೇಯಸಿ ಶ್ವೇತಾ ಇನ್ನೊಂದರಲ್ಲಿ; ಒಂದು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾವುದು ಕನಸು ಎಂಬುದನ್ನು ನೋಡದವರಿಗಾಗಿ ಹೇಳದೆ ಬಿಡುತ್ತೇನೆ. ನೇಮಿಚಂದ್ರನ ಕಂದರ್ಪನಿಗೆ ಕನಸು ದಾರಿ ತೋರಿಸಿತು. ಅವನು ಎದ್ದು ಹೊರಟ. ನಿಕ್ಕಿಯ ಕಾಲದಲ್ಲಿ ಕನಸಿಗೆ ಮೊದಲು ನಿದ್ದೆಯನ್ನೇ ಕೊಳ್ಳಬೇಕು.

ಈ ಮಾತು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬದುಕುವವರಿಗೆ ವಿವರಿಸಬೇಕಿಲ್ಲ. ಇಲ್ಲಿ ಅವನದು ಅಮೆರಿಕದ ಸಮಯಕ್ಕೆ ಹೊಂದಿಸಿದ ಕೆಲಸ, ಅವಳದು ಬೆಳಗಿನ ಗಾರ್ಮೆಂಟ್ಸ್ ಪಾಳಿ. ಅವನ ಕ್ಯಾಬ್ ಬಂದು ನಿಲ್ಲುವ ಹೊತ್ತಿಗೆ ಅವಳು ಡಬ್ಬಿ ಕಟ್ಟಿಕೊಂಡು ಹೊರಟಿರುತ್ತಾಳೆ. ಊರಿನಲ್ಲಿ ಒಪ್ಪದ ಅಪ್ಪ ಇರಬಹುದು. ಆದರೆ ದಿನನಿತ್ಯ ಇಬ್ಬರ ನಡುವೆ ನಿಲ್ಲುವುದು ಶಿಫ್ಟ್ ಪಟ್ಟಿ. ನಮ್ಮ ಮೆಟ್ರೊ 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದು ದೂರವನ್ನು ಕಡಿಮೆ ಮಾಡಿದೆ. ಹೊತ್ತನ್ನು ಹೊಂದಿಸುವುದು ಅದರ ಕೈಯಲ್ಲಿಲ್ಲ. ಇತ್ತೀಚೆಗೆ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ಪ್ರೇಮದ ಪಕ್ಕಕ್ಕೆ ಕಾಲಯಾನವನ್ನು ತಂದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ದೆವ್ವ, ಅಪರಿಚಿತ ಊರು, ರೌಡಿ, ಪೊಲೀಸ್ ಆದ ಮೇಲೆ ಈಗ ಕಾಲದ ಸರದಿ.

ಗಾಜಿನ ಕಟ್ಟಡ, ಗುರುತಿನ ಟ್ಯಾಗು, ಕಾಫಿ ಮಷಿನ್ನು ತೋರಿಸಿದರೆ ಐಟಿ ಜನರ ಪ್ರೇಮಚಿತ್ರವಾಯಿತು ಎಂದುಕೊಳ್ಳುವ ನಿರ್ದೇಶಕರಿದ್ದಾರೆ. ನನ್ನ ಮಟ್ಟಿಗೆ, ಐಟಿ ಪಾರ್ಕನ್ನು ತೋರಿಸುವ ಗೋಜಿಗೇ ಹೋಗದ ‘ಲೂಸಿಯಾ’ ಅವಕ್ಕಿಂತ ಹೆಚ್ಚು ಈ ಹೊರವಲಯದ ಪ್ರೇಮಚಿತ್ರ. ಏಕೆಂದರೆ ಇಲ್ಲಿನವರ ನಡುವೆ ನಿಜವಾಗಿ ಅಡ್ಡ ನಿಂತಿರುವುದೇನೆಂದು ಅದಕ್ಕೆ ಗೊತ್ತಿತ್ತು.

ಹಾಗಾಗಿ ಡಬ್ಬಿಗಳ ಪ್ರಶ್ನೆ ಬರೀ ಪಟ್ಟಿ ಮಾಡುವವರ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ನಾ ನಿನ್ನ ಬಿಡಲಾರೆ’ಯನ್ನು ಹಾರರ್ ಎಂದು, ‘ಆ ದಿನಗಳು’ ಚಿತ್ರವನ್ನು ರೌಡಿಸಂ ಎಂದು, ‘ಲೂಸಿಯಾ’ವನ್ನು ಪ್ರಯೋಗ ಎಂದು ಎತ್ತಿಟ್ಟರೆ ಚಿತ್ರಗಳೇನೋ ಉಳಿಯುತ್ತವೆ, ನಮ್ಮ ಹಿಂದಿನವರು ಯಾವುದಕ್ಕೆ ಹೆದರಿ, ಯಾರಿಂದ ತಪ್ಪಿಸಿಕೊಂಡು, ಯಾವ ಹೊತ್ತು ಕದ್ದು ಪ್ರೀತಿಸಿದರು ಎಂಬುದು ಕಳೆದುಹೋಗುತ್ತದೆ. ಮುಂದಿನ ಸಲ ಇಂಥದ್ದೊಂದು ಚಿತ್ರ ಕಣ್ಣಿಗೆ ಬಿದ್ದರೆ ಯಾವ ಜಾತಿಯ ಸಿನಿಮಾ ಎಂದು ಕೇಳುವ ಮೊದಲು, ಇಬ್ಬರ ನಡುವೆ ನಿಂತಿರುವವರು ಯಾರು ಎಂದು ಕೇಳಿ ನೋಡಿ. ಶಿಫ್ಟ್ ಮುಗಿಸಿ ಬಂದವರ ಜೊತೆ ಕೂತು ನೋಡಿದರೆ ಇನ್ನೂ ಒಳ್ಳೆಯದು. ಉತ್ತರ ಅವರಿಗೆ ಬೇಗ ಹೊಳೆಯುತ್ತದೆ.